ಹೋದ ಶಕ್ತಿ ಎಲ್ಲಿ ಹೋಯಿತು?
ಬೆಟ್ಟಸೀಮೆಯಲ್ಲಿ ಒಂಟಿ ಬೈಸಿಕಲ್ ಪಯಣದ ಲೆಕ್ಕಾಚಾರ

ಒಂದು ಜೂನ್ ತಿಂಗಳಿನ ನಡುಭಾಗದಲ್ಲಿ ನಾನು ಚಿತ್ರದುರ್ಗದಿಂದ ಒಬ್ಬನೇ ಬೈಸಿಕಲ್ಲನ್ನೇರಿ ಹೊರಟೆನು. ಜೋಗಿಮಟ್ಟಿಯನ್ನು ಹತ್ತಿ ಇಳಿದು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ಬಳಸಿ, ನಾಲ್ಕನೆಯ ದಿನ ಸಂಜೆ ಹೊರಟ ಬಾಗಿಲಿಗೇ ಮರಳಿ ಬಂದೆನು. ಒಟ್ಟು ದೂರ ಸುಮಾರು ೧೮೦ ಕಿಲೊಮೀಟರು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಕಾಲುಗಳು ಕಂಬಗಳಾಗಿದ್ದುವು. ಜಗಲಿಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದಾಗ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದುತ್ತಿರುವ ನೆರೆಮನೆಯ ಹುಡುಗನೊಬ್ಬ ಬಂದು ನನ್ನನ್ನು ಹೀಗೆ ಕೇಳಿದನು: "ಹೊರಟ ಜಾಗಕ್ಕೇ ಬಂದಿರಲ್ಲ! ನಮ್ಮ ಪಾಠದ ಪ್ರಕಾರ ನಿಮ್ಮ ಸ್ಥಾನಾಂತರ ಸೊನ್ನೆ. ಹಾಗಾದರೆ ನೀವು ಮಾಡಿದ ಕೆಲಸವೂ ಸೊನ್ನೆಯೇ. ಮತ್ತೆ ಈ ದಣಿವು ಎಲ್ಲಿಂದ ಬಂತು?"

ಹುಡುಗನು ಕೇಳಿದ್ದು ತಮಾಷೆಗೆ. ಆದರೆ ಪ್ರಶ್ನೆ ತಮಾಷೆಯದಲ್ಲ. ವಿಜ್ಞಾನದ ದೊಡ್ಡ ನಿಯಮವೊಂದು ಅದರೊಳಗೆ ಅಡಗಿದೆ. ಶಕ್ತಿಯನ್ನು ಸೃಷ್ಟಿಸಲೂ ಬಾರದು, ನಾಶಮಾಡಲೂ ಬಾರದು ಎಂದು ನಾವೆಲ್ಲರೂ ಓದಿದ್ದೇವೆ. ಹಾಗಿದ್ದ ಮೇಲೆ ನಾಲ್ಕು ದಿನ ನಾನು ವ್ಯಯಮಾಡಿದ ಶಕ್ತಿ ಎಲ್ಲಿಯೋ ಇರಲೇಬೇಕಷ್ಟೆ. ಅದು ಎಲ್ಲೆಲ್ಲಿ ಹೋಯಿತೆಂಬುದನ್ನು ಪಯಣದ ಜಾಡನ್ನೇ ಹಿಡಿದು ಹುಡುಕೋಣ. ಈ ಲೆಕ್ಕ ತಪ್ಪಿದರೆ ಒಂಟಿ ಸವಾರನಿಗೆ ಅಪಾಯವೂ ಉಂಟು. ಅದನ್ನು ನಾನು ಮೂರನೆಯ ದಿನ ಕಷ್ಟದಿಂದ ಕಲಿತೆನು.

ಏರು

ಮೊದಲನೆಯ ದಿನ ಜೋಗಿಮಟ್ಟಿ. ಚಿತ್ರದುರ್ಗ ಪಟ್ಟಣವು ಸಮುದ್ರಮಟ್ಟಕ್ಕಿಂತ ಸುಮಾರು ೭೩೦ ಮೀಟರು ಮೇಲಿದೆ. ಅದರ ಪಕ್ಕದ ಜೋಗಿಮಟ್ಟಿಯ ನೆತ್ತಿ ಸುಮಾರು ೩,೮೦೦ ಅಡಿ, ಎಂದರೆ ೧,೧೬೦ ಮೀಟರಿನಷ್ಟು ಎತ್ತರ. ಇದು ಈಗ ವನ್ಯಧಾಮ. ಕರಡಿ, ಚಿರತೆಗಳಿರುವ ಕಾಡು. ಆದ್ದರಿಂದ ಅನುಮತಿ ಪಡೆದು ಬೆಳಗಿನ ಹೊತ್ತಿನಲ್ಲಿಯೇ ಹೋಗತಕ್ಕದ್ದು. ದಾರಿಯ ಏರನ್ನು ಲೆಕ್ಕದ ಅನುಕೂಲಕ್ಕಾಗಿ ೪೦೦ ಮೀಟರು ಎಂದಿಟ್ಟುಕೊಳ್ಳೋಣ.

ನನ್ನ ತೂಕ ೬೦ ಕಿಲೊಗ್ರಾಂ, ಬೈಸಿಕಲ್ಲಿನದು ೧೮, ನೀರು ಮತ್ತು ಸಾಮಾನುಗಳದು ೭. ಒಟ್ಟು ೮೫ ಕಿಲೊಗ್ರಾಂ. ಇಷ್ಟು ಭಾರವನ್ನು ೪೦೦ ಮೀಟರು ಎತ್ತಬೇಕಾದರೆ ಭಾರ, ಗುರುತ್ವ, ಎತ್ತರ ಈ ಮೂರನ್ನೂ ಗುಣಿಸಬೇಕು: ೮೫ × ೯.೮ × ೪೦೦, ಎಂದರೆ ಸುಮಾರು ೩,೩೩,೦೦೦ ಜೂಲು ಅಥವಾ ೩೩೩ ಕಿಲೊಜೂಲು. ನೆಟ್ಟನೆ ಹತ್ತಿದರೂ ಸರಿ, ಸುತ್ತುದಾರಿಯಲ್ಲಿ ಹತ್ತಿದರೂ ಸರಿ, ಗುರುತ್ವಕ್ಕೆ ಸಲ್ಲಬೇಕಾದ ಕಂದಾಯ ಇಷ್ಟೇ. ಇದರಲ್ಲಿ ಒಂದು ಜೂಲೂ ರಿಯಾಯಿತಿ ಇಲ್ಲ.

ಹಾಗಾದರೆ ನಿಧಾನವಾಗಿ ಹತ್ತುವವನು ದಣಿಯದೆ ಹತ್ತುವನು, ಆತುರಗಾರನು ನಡುದಾರಿಯಲ್ಲಿ ಏದುಸಿರು ಬಿಡುವನು, ಇದೇಕೆ? ಕೆಲಸ ಒಂದೇ ಆದರೂ ಕೆಲಸದ ದರ ಬೇರೆ. ಈ ದರವನ್ನೇ ಸಾಮರ್ಥ್ಯವೆನ್ನುತ್ತೇವೆ. ೩೩೩ ಕಿಲೊಜೂಲುಗಳನ್ನು ಒಂದು ಗಂಟೆಯಲ್ಲಿ ಮುಗಿಸಿದರೆ ಸಾಮರ್ಥ್ಯ ಸುಮಾರು ೯೩ ವಾಟು. ಅರ್ಧ ಗಂಟೆಯಲ್ಲಿ ಮುಗಿಸಹೊರಟರೆ ೧೮೫ ವಾಟು. ಆರೋಗ್ಯವಂತನಾದ ತರುಣನು ಗಂಟೆಗಟ್ಟಲೆ ಒಂದೇ ಸಮನೆ ಕೊಡಬಲ್ಲ ಸಾಮರ್ಥ್ಯ ೭೫ರಿಂದ ೧೦೦ ವಾಟಿನಷ್ಟು. ಒಂದು ಅಶ್ವಸಾಮರ್ಥ್ಯ ೭೪೬ ವಾಟು. ಆದ್ದರಿಂದ ಮನುಷ್ಯನು ಕುದುರೆಯ ಏಳನೆಯ ಒಂದು ಪಾಲಿಗೂ ಸಾಲನೆಂದಾಯಿತು. ಬೆಟ್ಟವನ್ನು ಗೆಲ್ಲಲು ಬಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕೆಂದು ಹಿರಿಯರು ಹೇಳುವುದರಲ್ಲಿ ಗಣಿತವೂ ಇದೆ.

ಆದರೆ ನನ್ನದು ಗೇರುಗಳಿಲ್ಲದ ಸಾದಾ ಬೈಸಿಕಲ್ಲು. ಅದರ ಮುಂದಿನ ಹಲ್ಲುಗಾಲಿಯಲ್ಲಿ ೪೪, ಹಿಂದಿನದರಲ್ಲಿ ೧೮ ಹಲ್ಲುಗಳಿವೆ. ಪೆಡಲನ್ನು ಒಂದು ಸುತ್ತು ತುಳಿದರೆ ಗಾಡಿ ಸುಮಾರು ೫.೪ ಮೀಟರು ಮುಂದೆ ಹೋಗುವುದು. ಅಷ್ಟರಲ್ಲಿ ಪಾದವು ಸುತ್ತಿರುವ ದೂರ ೧.೦೭ ಮೀಟರು ಮಾತ್ರ. ದೂರದಲ್ಲಿ ಐದು ಪಟ್ಟು ಲಾಭ. ಆದ್ದರಿಂದ ಬಲದಲ್ಲಿ ಐದು ಪಟ್ಟು ನಷ್ಟ. ನೂರಕ್ಕೆ ಹತ್ತರಂತೆ ಏರುವ ದಾರಿಯಲ್ಲಿ ಗಾಡಿಯನ್ನು ಮುಂದೆ ತಳ್ಳಲು ಸುಮಾರು ೯೦ ನ್ಯೂಟನ್ ಬಲ ಬೇಕು. ಪೆಡಲಿನ ಮೇಲೆ ಅದರ ಐದರಷ್ಟು, ಎಂದರೆ ೪೬ ಕಿಲೊಗ್ರಾಂ ಭಾರ ಸರಾಸರಿ ಬೀಳಬೇಕು. ಪೆಡಲು ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಇರುವಾಗ ತುಳಿತವು ಬಹುಮಟ್ಟಿಗೆ ವ್ಯರ್ಥವಾದುದರಿಂದ, ನಡುವೆ ಇರುವಾಗ ಒಂದೂವರೆ ಪಟ್ಟು, ಸುಮಾರು ೭೦ ಕಿಲೊಗ್ರಾಂ, ತುಳಿಯಬೇಕಾಗುವುದು. ನನ್ನ ಇಡೀ ತೂಕವೇ ೬೦! ಕಡಿದಾದ ತಿರುವುಗಳಲ್ಲಿ ನಾನು ಇಳಿದು ಗಾಡಿಯನ್ನು ತಳ್ಳಿಕೊಂಡು ನಡೆದುದಕ್ಕೆ ಕಾರಣ ಹೇಡಿತನವಲ್ಲ, ಸನ್ನೆಗೋಲಿನ ನಿಯಮ. ಗೇರುಳ್ಳ ಬೈಸಿಕಲ್ಲಿನಲ್ಲಿ ಮುಂದೆ ೨೮, ಹಿಂದೆ ೨೮ ಹಲ್ಲುಗಳನ್ನು ಜೋಡಿಸಿಕೊಂಡರೆ ಅದೇ ಏರಿಗೆ ಸರಾಸರಿ ೧೯ ಕಿಲೊಗ್ರಾಂ ಸಾಕು. ಆದರೆ ಪೆಡಲನ್ನು ಎರಡೂವರೆಯಷ್ಟು ಸಲ ಸುತ್ತಬೇಕು. ಗೇರು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಹಂಚಿಕೊಡುತ್ತದೆ, ಅಷ್ಟೆ.

ಇಳಿತ

ನೆತ್ತಿಯ ಮೇಲೆ ನಿಂತಾಗ ೩೩೩ ಕಿಲೊಜೂಲುಗಳು ಪ್ರಚ್ಛನ್ನ ಶಕ್ತಿಯ ರೂಪದಲ್ಲಿ ನನ್ನ ಹೆಸರಿಗೆ ಜಮೆಯಾಗಿದ್ದುವು. ಗುರುತ್ವವು ಪ್ರಾಮಾಣಿಕ ಸಾಹುಕಾರ. ಇಟ್ಟುದನ್ನು ಪೂರ್ತಿಯಾಗಿ ಹಿಂದಿರುಗಿಸುತ್ತದೆ. ದಾರಿಯಲ್ಲಿ ಯಾವ ತಡೆಯೂ ಇಲ್ಲದಿದ್ದರೆ ಬುಡವನ್ನು ಮುಟ್ಟುವಾಗ ನನ್ನ ವೇಗ ಗಂಟೆಗೆ ಸುಮಾರು ೩೨೦ ಕಿಲೊಮೀಟರು ಆಗಬೇಕಾಗಿತ್ತು! ಹಾಗಾಗಲಿಲ್ಲವೆಂಬುದಕ್ಕೆ ಈ ಲೇಖನವೇ ಸಾಕ್ಷಿ. ಅರ್ಧ ಪಾಲನ್ನು ಗಾಳಿ ಮತ್ತು ರಸ್ತೆ ಕಸಿದುಕೊಂಡುವೆಂದರೆ, ಉಳಿದುದನ್ನು ಬ್ರೇಕುಗಳು ನುಂಗಿದುವು. ಕೆಳಗೆ ನಿಂತು ಚಕ್ರದ ಉಕ್ಕಿನ ಬಳೆಯನ್ನು ಮುಟ್ಟಿದೆನು, ಬೆರಳು ಚುರ್ರೆಂದಿತು. ಹೋದ ಶಕ್ತಿಯ ಮೊದಲ ಸುಳಿವು ಅಲ್ಲಿ ಸಿಕ್ಕಿತು.

೧೭೯೮ರಲ್ಲಿ ರಮ್‌ಫರ್ಡನೆಂಬ ವಿಜ್ಞಾನಿಯು ಮ್ಯೂನಿಚ್ ನಗರದಲ್ಲಿ ಫಿರಂಗಿಗಳನ್ನು ಕೊರೆಯುವಾಗ ಲೋಹವು ಎಡೆಬಿಡದೆ ಕಾಯುವುದನ್ನು ಕಂಡು, ಉಷ್ಣವು ಒಂದು ವಸ್ತುವಲ್ಲ, ಚಲನೆಯಿಂದ ಹುಟ್ಟುವಂಥದು ಎಂದು ವಾದಿಸಿದನು. ಜೋಗಿಮಟ್ಟಿಯ ಬುಡದಲ್ಲಿ ನನ್ನ ಬೆರಳು ಕಂಡುಕೊಂಡುದೂ ಅದೇ ಸತ್ಯವನ್ನು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇರದೆ, ಬಿಟ್ಟು ಬಿಟ್ಟು ಹಿಡಿಯಬೇಕೆಂಬ ನಿಯಮಕ್ಕೆ ಕಾರಣವೂ ಇದೇ: ಬಳೆಗೆ ಆರಲು ಸಮಯ ಸಿಕ್ಕಬೇಕು.

ಕಲ್ಲುಗಳ ನಡುವಣ ದಾರಿ

ಎರಡನೆಯ ದಿನ ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು ೪೦ ಕಿಲೊಮೀಟರು. ಹಿರಿಯೂರು ಚಿತ್ರದುರ್ಗಕ್ಕಿಂತ ಸುಮಾರು ನೂರು ಮೀಟರು ತಗ್ಗಿನಲ್ಲಿದೆ. ಬಲಗಡೆಗೆ ಉದ್ದಕ್ಕೂ ಗುಡ್ಡಗಳ ಸಾಲು ಜೊತೆ ಕೊಡುತ್ತದೆ. ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಯವರೆಗೆ ಹಬ್ಬಿರುವ, ಶಿಸ್ಟ್ ಎಂಬ ಪದರುಗಲ್ಲಿನ ಪ್ರಾಚೀನ ಪಟ್ಟಿಯ ಒಂದು ಭಾಗವಿದು. ಭೂವಿಜ್ಞಾನಿಗಳು ಇಡೀ ಪಟ್ಟಿಗೆ ಚಿತ್ರದುರ್ಗದ ಹೆಸರನ್ನೇ ಇಟ್ಟಿದ್ದಾರೆ. ಚಿತ್ರದುರ್ಗದ ಆಗ್ನೇಯಕ್ಕೆ ಮರಡಿಹಳ್ಳಿಯ ಬಳಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಲಾವಾರಸವು ನೀರಿನೊಳಗೆ ಉಕ್ಕಿ ಬಂದಾಗ ಅದರ ಮೈ ಥಟ್ಟನೆ ಆರಿ, ಒಳಗಿನ ರಸ ಮತ್ತೆ ಮತ್ತೆ ಉಬ್ಬಿ ಇಂಥ ಆಕಾರ ಬರುವುದು. ಸುಮಾರು ೨೫೦ ಕೋಟಿ ವರ್ಷಗಳ ಹಿಂದಿನ ಈ ದಿಂಬುಗಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ನೀರಿಗಾಗಿ ಆಕಾಶ ನೋಡುವ ಈ ಸೀಮೆಯಲ್ಲಿ ಒಮ್ಮೆ ನೀರಿನಡಿಯ ಜ್ವಾಲಾಮುಖಿ ಇತ್ತೆಂಬುದಕ್ಕೆ ಕಲ್ಲೇ ಶಾಸನ.

ಈ ದಿನದ ದಾರಿ ಬಹುಪಾಲು ಸಮತಟ್ಟು, ಮೇಲಾಗಿ ಇಳಿಮುಖ. ಶಕ್ತಿಯ ಖರ್ಚು ಇಲ್ಲವೆಂದೇ ಭಾವಿಸಿದ್ದೆನು, ಅದು ತಪ್ಪು. ಟೈರು ನೆಲವನ್ನು ಮುಟ್ಟುವಲ್ಲಿ ಪ್ರತಿ ಕ್ಷಣವೂ ಚಪ್ಪಟೆಯಾಗಿ ಮತ್ತೆ ದುಂಡಗಾಗುವುದು. ಒತ್ತುವಾಗ ತೆಗೆದುಕೊಂಡ ಶಕ್ತಿಯನ್ನೆಲ್ಲ ರಬ್ಬರು ಹಿಂದಕ್ಕೆ ಕೊಡುವುದಿಲ್ಲ. ಒಂದು ಪಾಲು ಬಿಸಿಯಾಗಿ ಹೋಗುವುದು. ನಮ್ಮ ಸಾಧಾರಣ ರಸ್ತೆಯಲ್ಲಿ ೮೫ ಕಿಲೊಗ್ರಾಂ ಭಾರಕ್ಕೆ ಈ ತಡೆ ಆರೇಳು ನ್ಯೂಟನ್ನುಗಳಷ್ಟು. ಅಲ್ಪವೆನ್ನಿಸಬಹುದು. ಆದರೆ ೧೮೦ ಕಿಲೊಮೀಟರುಗಳಿಂದ ಗುಣಿಸಿದರೆ ಸುಮಾರು ೧,೨೦೦ ಕಿಲೊಜೂಲು, ಎಂದರೆ ಮೂರೂವರೆ ಜೋಗಿಮಟ್ಟಿ! ಬೆಟ್ಟವು ಕಣ್ಣಿಗೆ ಕಂಡು ಹೆದರಿಸುತ್ತದೆ. ಟೈರು ಕಾಣದಂತೆ ಕದಿಯುತ್ತದೆ. ದಾರಿಯಲ್ಲಿ ಜಾಲಿಯ ಮುಳ್ಳು ಚುಚ್ಚಿ ಹಿಂದಿನ ಚಕ್ರದ ಗಾಳಿ ಮೆಲ್ಲಮೆಲ್ಲನೆ ಇಳಿಯುತ್ತಿದ್ದುದು ನನಗೆ ತಿಳಿದುದು ಕಣ್ಣಿನಿಂದಲ್ಲ, ತೊಡೆಗಳ ನೋವಿನಿಂದ.

ಕಾಣದ ಬೆಟ್ಟ

ಮೂರನೆಯ ದಿನ ಗುಡ್ಡಗಳ ಸಾಲನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕು. ದಾಟುವ ಎಡೆಯನ್ನು ವೇದಾವತಿ ನದಿಯೇ ಕೊರೆದುಕೊಟ್ಟಿದೆ. ಎರಡು ಗುಡ್ಡಗಳ ನಡುವಣ ಆ ಕಣಿವೆಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ ಅಣೆಕಟ್ಟು ೧೯೦೭ರಲ್ಲಿ ಪೂರ್ತಿಯಾಯಿತು. ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಹೆಸರಾಗಿದೆ. ಮಳೆನೆರಳಿನ ಈ ನಾಡಿನಲ್ಲಿ ಅದು ತುಂಬಿ ಕೋಡಿ ಬಿದ್ದುದು ಅಪರೂಪ: ೧೯೩೩ರಲ್ಲಿ ಒಮ್ಮೆ, ಎಂಬತ್ತೊಂಬತ್ತು ವರ್ಷಗಳ ಮೇಲೆ ೨೦೨೨ರಲ್ಲಿ, ಮತ್ತೆ ೨೦೨೫ರಲ್ಲಿ. ಬಾಬಾಬುಡನ್ ಗಿರಿಯಿಂದ ಇಳಿದು ಬಂದ ನೀರು ಇಲ್ಲಿ ಎತ್ತರದಲ್ಲಿ ನಿಂತಿರುವುದರಿಂದಲೇ ತಗ್ಗಿನ ಹಿರಿಯೂರಿನ ಹೊಲಗಳಿಗೆ ತಾನಾಗಿ ಹರಿಯಬಲ್ಲುದು. ಅದೂ ಗುರುತ್ವದಲ್ಲಿ ಇಟ್ಟ ಠೇವಣಿಯೇ.

ಅಣೆಕಟ್ಟಿನ ಬಳಿ ಹೆಚ್ಚು ಹೊತ್ತು ನಿಂತುಬಿಟ್ಟೆನು. ಹತ್ತು ಗಂಟೆಗೆ ಹೊಸದುರ್ಗದ ದಾರಿ ಹಿಡಿದಾಗ ಮುಂಗಾರಿನ ಪಡುಗಾಳಿ ಎದ್ದಿತ್ತು. ಈ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲುಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿ, ಅದರಿಂದ ದೊರೆಯುವ ಸಾಮರ್ಥ್ಯ ಎಂಟು ಮಡಿ ಆಗುತ್ತದೆ. ಯಂತ್ರಕ್ಕೆ ವರವಾದ ಈ ನಿಯಮವೇ ಸವಾರನಿಗೆ ಶಾಪ. ಗಾಳಿಯಿಲ್ಲದಾಗ ಗಂಟೆಗೆ ೧೫ ಕಿಲೊಮೀಟರು ವೇಗದಲ್ಲಿ ಹೋಗುವವನಿಗೆ ವಾಯುವಿನ ತಡೆ ನಾಲ್ಕೂವರೆ ನ್ಯೂಟನ್ನಿನಷ್ಟು. ಎದುರುಗಾಳಿಯೂ ೧೫ ಕಿಲೊಮೀಟರು ವೇಗದಲ್ಲಿ ಬೀಸಿದರೆ ತಡೆ ನಾಲ್ಕು ಪಟ್ಟಾಗಿ ೧೮ ನ್ಯೂಟನ್ ಆಗುವುದು. ಹೆಚ್ಚಾದ ಈ ಭಾಗವು ನೂರಕ್ಕೆ ಸುಮಾರು ೧.೬ರಷ್ಟು ಏರಿಗೆ ಸಮ. ದಾರಿ ಮಟ್ಟಸವಾಗಿದ್ದರೂ ನಾನು ಇಡೀ ದಿನ ಕಾಣದ ಬೆಟ್ಟವೊಂದನ್ನು ಹತ್ತುತ್ತಿದ್ದೆನು. ಆ ಬೆಟ್ಟಕ್ಕೆ ಇಳಿಜಾರೇ ಇಲ್ಲ.

ಒಳಗಿನ ಬೆಂಕಿ

ಅಪಾಯ ಬಂದುದು ಇಲ್ಲಿ. ಮನುಷ್ಯದೇಹವು ಆಹಾರದಿಂದ ಪಡೆದ ಶಕ್ತಿಯ ಕಾಲುಭಾಗವನ್ನು ಮಾತ್ರ ಪೆಡಲಿಗೆ ಕೊಡಬಲ್ಲುದು. ಉಳಿದ ಮುಕ್ಕಾಲು ಉಷ್ಣವಾಗುವುದು. ಪೆಡಲಿಗೆ ೧೦೦ ವಾಟು ಕೊಡುವವನ ಮೈಯೊಳಗೆ ೩೦೦ ವಾಟಿನ ಒಲೆ ಉರಿಯುತ್ತಿರುತ್ತದೆ. ಹೊರಗಿನ ಗಾಳಿಯೂ ಚರ್ಮದಷ್ಟೇ ಬಿಸಿಯಾಗಿರುವಾಗ ಈ ಉಷ್ಣವು ಹೊರಬೀಳಲು ಇರುವ ಮುಖ್ಯ ಬಾಗಿಲು ಒಂದೇ, ಬೆವರು. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು ೨,೪೦೦ ಕಿಲೊಜೂಲು ಉಷ್ಣವನ್ನು ಒಯ್ಯುವುದು. ೩೦೦ ವಾಟಿನ ಒಲೆಯನ್ನು ತಣಿಸಲು ಗಂಟೆಗೆ ಸುಮಾರು ಅರ್ಧ ಲೀಟರು ಬೇಕು. ಬಿಸಿಲಿನ ಕಾವೂ ಸೇರಿದರೆ ಇನ್ನೂ ಹೆಚ್ಚು.

ಕರಾವಳಿಯಲ್ಲಿ ಬೆವರು ಧಾರೆಯಾಗಿ ಇಳಿದು ಎಚ್ಚರಿಸುತ್ತದೆ. ಒಣಸೀಮೆಯ ಗಾಳಿಯಾದರೋ ಬೆವರನ್ನು ಕಣ್ಣಿಗೆ ಬೀಳುವ ಮೊದಲೇ ಕುಡಿದುಬಿಡುತ್ತದೆ. ನನ್ನ ಮೈ ಒಣಗಿಯೇ ಇತ್ತು; ಹೆಚ್ಚು ಬೆವರಿಲ್ಲವೆಂದು ನಂಬಿ, ನಾಲ್ಕು ಗಂಟೆಗಳಲ್ಲಿ ಒಂದೇ ಲೀಟರು ನೀರು ಕುಡಿದಿದ್ದೆನು. ಮಧ್ಯಾಹ್ನ ಎರಡರ ಸುಮಾರಿಗೆ ಬಿಸಿಲಿನಲ್ಲಿಯೂ ತೋಳಿನ ಮೇಲೆ ಚಳಿಗುಳ್ಳೆಗಳೆದ್ದುವು. ಒಂದು ಕೈಕಲ್ಲನ್ನು ನೋಡಿ, ಉಳಿದ ದೂರವನ್ನು ಲೆಕ್ಕಹಾಕಲು ಮೂವತ್ತೊಂದರಲ್ಲಿ ಎಂಟನ್ನು ಕಳೆಯಹೋದೆನು, ಉತ್ತರ ಬರಲಿಲ್ಲ. ಮತ್ತೊಮ್ಮೆ ಕಳೆದೆನು, ಬೇರೆ ಉತ್ತರ ಬಂದಿತು. ಜೊತೆಗಾರನಿದ್ದರೆ ಮುಖ ನೋಡಿಯೇ ನಿಲ್ಲಿಸುತ್ತಿದ್ದನು. ಒಂಟಿಯಾಗಿ ಹೋದವನಿಗೆ ತಾನೇ ರೋಗಿ, ತಾನೇ ವೈದ್ಯ. ಕೆಟ್ಟಿರುವ ಮೆದುಳಿನಿಂದಲೇ ಕೆಟ್ಟಿದೆಯೆಂದು ತಿಳಿಯಬೇಕು. ತಪ್ಪಿದ ಆ ವ್ಯವಕಲನವೇ ನನಗೆ ಗಂಟೆ ಬಾರಿಸಿತು. ಕೂಡಲೇ ಇಳಿದು ಹುಣಿಸೆಯ ಮರದ ನೆರಳಿನಲ್ಲಿ ಮಲಗಿದೆನು.

ಹತ್ತಿರದ ತೋಟದ ಮನೆಯ ಮುದುಕಿಯೊಬ್ಬಳು ಬಂದು ನೋಡಿ, ಏನನ್ನೂ ಕೇಳದೆ ಒಳಗೆ ಹೋಗಿ, ಉಪ್ಪು ಹಾಕಿದ ನೀರು ಮಜ್ಜಿಗೆಯನ್ನು ಚೆಂಬಿನಲ್ಲಿ ತಂದುಕೊಟ್ಟಳು. ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ಯಾವ ವೈದ್ಯಗ್ರಂಥವೂ ಇದಕ್ಕಿಂತ ಮೇಲಾದ ಪ್ರಥಮ ಚಿಕಿತ್ಸೆಯನ್ನು ಹೇಳಲಾರದು. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗಿರುತ್ತದೆ. ಬರಿಯ ನೀರನ್ನೇ ವಿಪರೀತ ಕುಡಿದರೆ ರಕ್ತದ ಲವಣಾಂಶ ತೆಳುವಾಗಿ ಬೇರೊಂದು ತೊಂದರೆ ಹುಟ್ಟೀತು. ಒದ್ದೆ ಬಟ್ಟೆಯಾದರೋ ಮೈಯ ನೀರನ್ನು ಉಳಿಸಿ ಹೊರಗಿನ ನೀರನ್ನು ಆವಿಯಾಗಿಸುತ್ತದೆ. ನನ್ನ ಅಂದಾಜಿನಂತೆ ಆಗ ನನ್ನ ದೇಹದಲ್ಲಿ ಸುಮಾರು ಎರಡು ಲೀಟರು ನೀರಿನ ಕೊರತೆ ಬಿದ್ದಿತ್ತು, ಎಂದರೆ ತೂಕದ ನೂರಕ್ಕೆ ಮೂರು ಪಾಲು. ನೂರಕ್ಕೆ ಎರಡು ಪಾಲು ಹೋದರೇ ಸಾಮರ್ಥ್ಯ ಕುಗ್ಗತೊಡಗುವುದು. ಇನ್ನೂ ಹಟ ಮಾಡಿದ್ದರೆ ಮೈಯ ಉಷ್ಣತೆ ಅಂಕೆ ಮೀರಿ, ಪ್ರಾಣಕ್ಕೇ ಎರವಾಗುವ ಉಷ್ಣಾಘಾತವಾಗಬಹುದಾಗಿತ್ತು. ಬಿಸಿಲು ಇಳಿದ ಮೇಲೆ ನಿಧಾನವಾಗಿ ಹೊಸದುರ್ಗವನ್ನು ಸೇರಿದೆನು.

ಮುದ್ದೆಯ ಲೆಕ್ಕ

ಆ ರಾತ್ರಿ ಹೊಸದುರ್ಗದಲ್ಲಿ ರಾಗಿಮುದ್ದೆಯ ಊಟ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ೩೨೦ ಕಿಲೊಕ್ಯಾಲರಿ ಶಕ್ತಿ ಇದೆ. ಒಂದು ಕಿಲೊಕ್ಯಾಲರಿಯು ನಾಲ್ಕು ಕಿಲೊಜೂಲುಗಳಿಗಿಂತ ತುಸು ಹೆಚ್ಚು. ಕಾಲಿಗೆ ತಲುಪುವುದು ಅದರಲ್ಲಿ ನಾಲ್ಕನೆಯ ಒಂದು ಪಾಲು. ನಾಲ್ಕರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದಂತಾಯಿತು! ಆದ್ದರಿಂದ ಪೆಡಲು ತುಳಿದ ಕಿಲೊಜೂಲುಗಳೆಷ್ಟೋ, ಅದಕ್ಕಾಗಿ ತಿನ್ನಬೇಕಾದ ಕಿಲೊಕ್ಯಾಲರಿಗಳೂ ಹೆಚ್ಚುಕಡಿಮೆ ಅಷ್ಟೇ ಎಂದು ನೆನಪಿಡಬಹುದು. ಜೋಗಿಮಟ್ಟಿಯ ಏರು ೩೩೩ ಕಿಲೊಜೂಲು. ಎಂದರೆ ಒಂದು ಮುದ್ದೆ.

ದೇಹವೂ ಈ ಜಮಾಖರ್ಚಿಗೆ ಒಳಪಟ್ಟಿದೆಯೆ, ಅಥವಾ ಜೀವಕ್ಕೆ ಬೇರೆ ನಿಯಮವಿದೆಯೆ ಎಂಬ ಸಂಶಯ ಹಿಂದೆ ಇತ್ತು. ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿ ಮತ್ತು ಅವನ ಸಹಾಯಕರು ೧೮೯೦ರ ದಶಕದಿಂದ ಮೊದಲುಗೊಂಡು ಇದನ್ನು ಪರೀಕ್ಷಿಸಿದರು. ಉಷ್ಣವನ್ನು ಅಳೆಯಬಲ್ಲ ಮುಚ್ಚಿದ ಕೋಣೆಯಲ್ಲಿ ಮನುಷ್ಯನನ್ನಿರಿಸಿ, ಅವನು ತಿಂದ ಆಹಾರ, ಬಿಟ್ಟ ಉಸಿರು, ಹೊರಬಿದ್ದ ಉಷ್ಣ ಎಲ್ಲವನ್ನೂ ಅಳೆದರು. ಒಳಗೆ ನೆಟ್ಟ ಬೈಸಿಕಲ್ಲನ್ನು ತುಳಿಸಿಯೂ ನೋಡಿದರು. ಆ ಬೈಸಿಕಲ್ಲು ಒಂದು ಅಂಗುಲವೂ ಮುಂದೆ ಹೋಗಲಿಲ್ಲ. ಆದರೂ ಒಳಗೆ ಹೋದ ಶಕ್ತಿಯೂ ಹೊರಗೆ ಬಂದ ಶಕ್ತಿಯೂ ಸರಿಹೊಂದಿದುವು.

ಜಮಾಖರ್ಚು

ನಾಲ್ಕನೆಯ ದಿನ ಹೊಸದುರ್ಗದಿಂದ ಹೊಳಲ್ಕೆರೆಗೆ ಬಂದು, ಅಲ್ಲಿಯ ಬಯಲು ಗಣಪತಿಯ ಎದುರು ಸ್ವಲ್ಪ ವಿಶ್ರಮಿಸಿ, ಮತ್ತೆ ಗುಡ್ಡಗಳ ಸಾಲನ್ನು ದಾಟಿ ಪೂರ್ವಾಭಿಮುಖವಾಗಿ ಚಿತ್ರದುರ್ಗಕ್ಕೆ ಹೊರಟೆನು. ನಿನ್ನೆಯ ವೈರಿಯಾದ ಪಡುಗಾಳಿ ಇಂದು ಬೆನ್ನಿಗೆ ಬಂದು ತಳ್ಳಿತು. ಆದರೆ ನಿನ್ನೆ ಕಸಿದುದನ್ನೆಲ್ಲ ಅದು ಹಿಂದಿರುಗಿಸಲಿಲ್ಲ. ಎದುರುಗಾಳಿಯು ತಡೆಯನ್ನು ನಾಲ್ಕು ಪಟ್ಟು ಮಾಡಬಲ್ಲುದು. ಅದೇ ಗಾಳಿ ಹಿಂದಿನಿಂದ ಬಂದರೆ ತಡೆಯನ್ನು ಸೊನ್ನೆಗೆ ಇಳಿಸೀತು, ಅಷ್ಟೆ. ಮೂರು ಪಾಲು ದಂಡ, ಒಂದು ಪಾಲು ಬಹುಮಾನ!

ಈಗ ಹುಡುಗನ ಪ್ರಶ್ನೆಗೆ ಉತ್ತರ. ಅವನ ಮಾತು ಗುರುತ್ವದ ಖಾತೆಯ ಮಟ್ಟಿಗೆ ನಿಜ. ಹೊರಟ ಎತ್ತರಕ್ಕೇ ಮರಳಿದುದರಿಂದ ಆ ಖಾತೆಯ ಶಿಲ್ಕು ಸೊನ್ನೆ. ಆದರೆ ಟೈರಿನ ಮತ್ತು ಗಾಳಿಯ ತಡೆಗಳು ಸ್ಥಾನಾಂತರವನ್ನು ನೋಡುವುದಿಲ್ಲ. ಸವೆಸಿದ ದಾರಿಯನ್ನು ಹೆಜ್ಜೆ ಹೆಜ್ಜೆಗೆ ಅಳೆದು ಸುಂಕ ಎತ್ತುತ್ತವೆ. ನನ್ನ ಸ್ಥೂಲ ಅಂದಾಜು ಹೀಗಿದೆ: ಟೈರುಗಳ ಪಾಲು ೧,೨೦೦ ಕಿಲೊಜೂಲು, ಗಾಳಿಯ ಪಾಲು ಹೆಚ್ಚುಕಡಿಮೆ ಅಷ್ಟೇ, ಬ್ರೇಕು, ಸರಪಳಿ ಮುಂತಾದುವುಗಳದು ೬೦೦, ಒಟ್ಟು ೩,೦೦೦. ಇದನ್ನು ಒದಗಿಸುವಾಗ ಮೈಯಿಂದ ನೇರವಾಗಿ ಹೊರಬಿದ್ದ ಉಷ್ಣ ಇದರ ಮೂರರಷ್ಟು, ೯,೦೦೦. ಎಲ್ಲವೂ ಸೇರಿ ಒಂಬತ್ತು ಹತ್ತು ಮುದ್ದೆಗಳು. ಅದಿಷ್ಟೂ ಕೊನೆಗೆ ಉಷ್ಣವಾಗಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಚದರಿಹೋಯಿತು. ಒಂದು ಜೂಲೂ ನಾಶವಾಗಿಲ್ಲ; ಆದರೆ ಅದನ್ನು ಮತ್ತೆ ಕೂಡಿಸಿ ಒಂದು ಪೆಡಲನ್ನು ತುಳಿಯುವುದೂ ಸಾಧ್ಯವಿಲ್ಲ.

ವಿದ್ಯಾರ್ಥಿಮಿತ್ರರು ಇದನ್ನು ನಂಬಿದರಷ್ಟೇ ಸಾಲದು, ಪರೀಕ್ಷಿಸಿ ನೋಡಬೇಕು. ವಾಹನಗಳಿಲ್ಲದ, ಗಾಳಿಯಿಲ್ಲದ ಮುಂಜಾನೆ, ಸಣ್ಣದೊಂದು ಇಳಿಜಾರಿನ ಗುರುತಿಟ್ಟ ಸ್ಥಳದಿಂದ ಪೆಡಲು ತುಳಿಯದೆ ಇಳಿಯಿರಿ. ಗಾಡಿ ತಾನಾಗಿ ನಿಂತ ಜಾಗವನ್ನು ಗುರುತಿಸಿ. ಟೈರಿಗೆ ಚೆನ್ನಾಗಿ ಗಾಳಿ ತುಂಬಿ ಒಮ್ಮೆ, ಸ್ವಲ್ಪ ಗಾಳಿ ಬಿಟ್ಟು ಒಮ್ಮೆ, ಕುಳ್ಳಿರುವ ಭಂಗಿಯನ್ನು ಬದಲಿಸದೆ ಹೀಗೆ ಮಾಡಿ. ಎರಡು ಗುರುತುಗಳ ಅಂತರವೇ ರಬ್ಬರು ಕದ್ದ ಶಕ್ತಿಯ ಅಳತೆ. ದೂರದ ಪಯಣಕ್ಕೆ ಒಬ್ಬರೇ ಹೊರಡುವ ದಿನ ಬಂದರೆ ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ತಿಳಿಸಿ ಹೊರಡಿರಿ. ಬಾಯಾರಿಕೆಯನ್ನು ಕಾಯದೆ, ಗಡಿಯಾರವನ್ನು ನೋಡಿ ನೀರು ಕುಡಿಯಿರಿ. ಪ್ರತಿಯೊಂದು ಕೈಕಲ್ಲಿನ ಬಳಿಯೂ ಒಂದು ಸಣ್ಣ ಲೆಕ್ಕವನ್ನು ಬಾಯಲ್ಲಿ ಮಾಡಿರಿ. ಉತ್ತರ ತಪ್ಪಿದ ಕಡೆ ನೆರಳನ್ನು ಹುಡುಕಿ ಇಳಿದುಬಿಡಿ.